ಹೊರಗೆ ಬಾರದ ಪ್ರೊಟೀನ್ ಎಲ್ಲಿ ನಿಂತಿದೆ ಎಂದು ಹುಡುಕುವುದು ಹೇಗೆ

ಕೋಶಗಳು ಬೆಳೆಯುವ ದ್ರವದಲ್ಲಿ, ಅಂದರೆ ಫ್ಲಾಸ್ಕಿನ ಮೀಡಿಯಂನಲ್ಲಿ, ನಿಮ್ಮ ಪ್ರೊಟೀನ್ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಕೋಶ ಅದನ್ನು ತಯಾರಿಸಲೇ ಇಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ತಯಾರಿಸಿ, ಹೊರಗೆ ಬಿಡದೆ ಇಟ್ಟುಕೊಂಡಿರಬಹುದು. ತಯಾರಿಸಿ, ಪರೀಕ್ಷಿಸಿ, ಕೆಟ್ಟಿದೆ ಎಂದು ಕಂಡು ಒಡೆದುಹಾಕಿರಬಹುದು. ಈ ಮೂರೂ ಬೇರೆ ಬೇರೆ ಸಂಗತಿಗಳು, ಮೂರಕ್ಕೂ ಪರಿಹಾರ ಬೇರೆ. ಯಾವುದು ಎಂದು ತಿಳಿಯದೆ, ಪ್ರೊಟೀನ್ ಮಡಚಿಕೊಳ್ಳಲು ನೆರವಾಗುವ ಚಾಪೆರೋನ್ ಜೀನ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಆರು ತಿಂಗಳ ಪ್ರಾಜೆಕ್ಟ್ ಸುಮ್ಮನೆ ಕಳೆದುಹೋಗುತ್ತದೆ.

ನಾನು ಧಾರವಾಡದವಳು, ಪುಣೆಯ ಪಾಷಾಣ್ ಬಡಾವಣೆಯಲ್ಲಿ ಕೋಶಗಳನ್ನು ಬೆಳೆಸುವ ಕೋಣೆಯೊಂದನ್ನು ನೋಡಿಕೊಳ್ಳುತ್ತೇನೆ. ಬೆಳಗಾವಿ, ವಿಜಯಪುರ, ಕಲಬುರಗಿಗಳಿಂದ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಇಲ್ಲಿಗೆ ಬರುವ ಹುಡುಗ ಹುಡುಗಿಯರು ದಿನವಿಡೀ ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ ತಲೆಯಾಡಿಸಿ, ಸಂಜೆ ಗೇಟಿನಾಚೆಯ ಅಮೃತತುಲ್ಯ ಚಹಾ ಅಂಗಡಿಯಲ್ಲಿ ಕನ್ನಡದಲ್ಲಿ ನಿಜವಾದ ಪ್ರಶ್ನೆ ಕೇಳುತ್ತಾರೆ. ಅಲ್ಲಿ ನಾನು ಹೇಳುವುದನ್ನು ಈಗ ಕ್ರಮವಾಗಿ ಬರೆಯುತ್ತಿದ್ದೇನೆ. ಸಾಮಾನ್ಯ ಪ್ರಯೋಗಾಲಯದಲ್ಲಿ ಸಿಗುವ ಸಲಕರಣೆಗಳಷ್ಟೇ ಇದಕ್ಕೆ ಸಾಕು.

ಮೊದಲು ಒಳಗಿನ ಕೆಲಸ ಗೊತ್ತಿರಲಿ

ಕೋಶದಿಂದ ಹೊರಗೆ ಹೋಗುವ ಪ್ರೊಟೀನ್‌ಗಳಲ್ಲಿ ಬಹುಪಾಲು ಮೊದಲು ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದೊಳಗೆ ಹೋಗುತ್ತವೆ. ಇನ್ನು ಮುಂದೆ ಅದನ್ನು ಇ.ಆರ್. ಎನ್ನುತ್ತೇನೆ. ಪ್ರೊಟೀನಿನ ತುದಿಯಲ್ಲಿರುವ ಪುಟ್ಟ ಸಿಗ್ನಲ್ ಪೆಪ್ಟೈಡ್ ಅದನ್ನು ಅಲ್ಲಿಗೆ ಒಯ್ಯುತ್ತದೆ. ಈ ಸಂಗತಿಯನ್ನು ತೋರಿಸಿದ್ದಕ್ಕೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂದಿತು. ಒಳಗೆ ಬರುವಾಗ ಪ್ರೊಟೀನ್ ಇನ್ನೂ ಮಡಚಿಕೊಳ್ಳದ ಉದ್ದನೆಯ ಸರಪಳಿ. ನೀರನ್ನು ಒಲ್ಲದ ಅದರ ಭಾಗಗಳು ಬಯಲಿಗೆ ಬಿದ್ದಿರುತ್ತವೆ. ಬಿಸಿಯಾಗಿ ಒತ್ತಿದ ಶ್ಯಾವಿಗೆಯನ್ನು ಬಿಡಿಬಿಡಿಯಾಗಿ ಹರಡದೆ ಒಂದೇ ಬುಟ್ಟಿಗೆ ಸುರಿದರೆ ಮುದ್ದೆಯಾಗುತ್ತದಲ್ಲ, ಹಾಗೆಯೇ ಈ ಸರಪಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿಕೊಳ್ಳದಂತೆ ಅವನ್ನು ಹಿಡಿದಿಡುವುದು, ಸರಿಯಾಗಿ ಮಡಚಿಕೊಳ್ಳಲು ಸಮಯ ಕೊಡುವುದು ಚಾಪೆರೋನ್‌ಗಳ ಕೆಲಸ.

ಇ.ಆರ್. ಒಳಗೆ ಮೂರು ಬಗೆಯ ಸಹಾಯಕರನ್ನು ನೆನಪಿಡಿ. ಮೊದಲನೆಯದು ಬಿಪ್. ಸುಮಾರು 78 ಕಿಲೋಡಾಲ್ಟನ್ ತೂಕದ ಪ್ರೊಟೀನ್, ಯೀಸ್ಟಿನಲ್ಲಿ ಇದರ ಹೆಸರು ಕಾರ್2. ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎ.ಟಿ.ಪಿ.ಯನ್ನು ಹಿಡಿದಿರುವಾಗ ಇದರ ಹಿಡಿತ ಸಡಿಲ, ಎ.ಟಿ.ಪಿ. ಒಡೆದು ಎ.ಡಿ.ಪಿ. ಆದಾಗ ಬಿಗಿ. ಹೊಸ ಎ.ಟಿ.ಪಿ. ಬಂದು ಕೂತಾಗ ಮತ್ತೆ ಬಿಡುತ್ತದೆ. ಹಿಡಿಯುವುದು ಬಿಡುವುದು ಎರಡೂ ನಡೆಯುತ್ತಿದ್ದರೆ ಮಾತ್ರ ಪ್ರೊಟೀನ್ ಮಡಚಿಕೊಳ್ಳುತ್ತದೆ ಎಂಬುದನ್ನು ಗಟ್ಟಿಯಾಗಿ ಮನಸ್ಸಿಗೆ ತೆಗೆದುಕೊಳ್ಳಿ, ಮುಂದೆ ಬೇಕಾಗುತ್ತದೆ. ಎರಡನೆಯ ಗುಂಪು ಪಿ.ಡಿ.ಐ. ಮತ್ತು ಅದರ ಬಳಗ. ಇವು ಸಿಸ್ಟೀನ್‌ಗಳ ನಡುವಿನ ಡೈಸಲ್ಫೈಡ್ ಬಂಧಗಳನ್ನು ಕಟ್ಟುತ್ತವೆ, ತಪ್ಪಾಗಿ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತವೆ. ಮೂರನೆಯದು ಕ್ಯಾಲ್ನೆಕ್ಸಿನ್ ಮತ್ತು ಕ್ಯಾಲ್ರೆಟಿಕ್ಯುಲಿನ್ ಜೋಡಿ. ಇವು ಪ್ರೊಟೀನಿಗೆ ಅಂಟಿದ ಸಕ್ಕರೆಯ ಕೊಂಬೆಯನ್ನು ನೋಡಿ ಹಿಡಿಯುತ್ತವೆ.

ಈ ಸಕ್ಕರೆಯ ಲೆಕ್ಕ ಬಹಳ ಸೊಗಸಾದದ್ದು. ಪ್ರೊಟೀನಿಗೆ ಮೊದಲು ಅಂಟುವುದು 14 ಸಕ್ಕರೆಗಳ ಕೊಂಬೆ: ಎರಡು ಎನ್-ಅಸಿಟೈಲ್ ಗ್ಲುಕೋಸಮೈನ್, ಒಂಬತ್ತು ಮ್ಯಾನೋಸ್, ಮೂರು ಗ್ಲುಕೋಸ್. ಎರಡು ಗ್ಲುಕೋಸ್ ಕತ್ತರಿಸಿ ಒಂದೇ ಉಳಿದಾಗ ಕ್ಯಾಲ್ನೆಕ್ಸಿನ್ ಹಿಡಿದುಕೊಳ್ಳುತ್ತದೆ. ಆ ಕೊನೆಯದನ್ನೂ ಕತ್ತರಿಸಿದಾಗ ಪ್ರೊಟೀನ್ ಬಿಡುಗಡೆಯಾಗುತ್ತದೆ. ಆಗ ಯು.ಜಿ.ಜಿ.ಟಿ. ಎಂಬ ಕಿಣ್ವ ಅದನ್ನು ಪರೀಕ್ಷಿಸಿ, ಇನ್ನೂ ಸರಿಯಾಗಿ ಮಡಚಿಕೊಂಡಿಲ್ಲವೆಂದು ಕಂಡರೆ ಒಂದು ಗ್ಲುಕೋಸನ್ನು ಮತ್ತೆ ಅಂಟಿಸಿ ಕ್ಯಾಲ್ನೆಕ್ಸಿನ್ ಬಳಿಗೇ ಹಿಂದಿರುಗಿಸುತ್ತದೆ. ಹೀಗೆ ಸುತ್ತುತ್ತ ಬಹಳ ಹೊತ್ತಾದರೆ ಮ್ಯಾನೋಸ್‌ಗಳು ಒಂದೊಂದಾಗಿ ಕತ್ತರಿಸಿಹೋಗುತ್ತವೆ. ಅದೇ ಸಮಯ ಮುಗಿಯಿತು ಎಂಬ ಗುರುತು. ಅಂಥ ಪ್ರೊಟೀನನ್ನು ಇ.ಆರ್.ನಿಂದ ಹೊರಗೆಳೆದು, ಪ್ರೊಟೀನ್ ಒಡೆಯುವ ಯಂತ್ರವಾದ ಪ್ರೋಟಿಯಸೋಮ್‌ಗೆ ಒಪ್ಪಿಸಿ ಒಡೆಯಲಾಗುತ್ತದೆ.

ಆದ್ದರಿಂದ ಸ್ರವಿಕೆ ಕಡಿಮೆಯಾಗಿದೆ ಎಂದರೆ ನಾಲ್ಕರ ನಡುವಿನ ಸಮತೋಲ ತಪ್ಪಿದೆ ಎಂದರ್ಥ: ಒಳಬರುವ ಪ್ರಮಾಣ, ಮಡಚುವ ಶಕ್ತಿ, ಹೊರಹೋಗುವ ದಾರಿ, ಒಡೆಯುವ ವೇಗ. ನೀವು ಮಾಡುವ ಪ್ರತಿ ಪ್ರಯೋಗವೂ ಇವುಗಳಲ್ಲಿ ಯಾವುದನ್ನು ಅಳೆಯುತ್ತಿದೆ ಎಂದು ನಿಮಗೆ ಗೊತ್ತಿರಬೇಕು.

ಮೂರು ಪ್ರೊಟೀನ್‌ಗಳ ಮೇಲೆ ಕೈ ಪಳಗಿಸಿಕೊಳ್ಳಿ

ನಿಮ್ಮ ಸ್ವಂತ ಪ್ರೊಟೀನನ್ನು ಮುಟ್ಟುವ ಮೊದಲು ಆಲ್ಫಾ-1 ಆಂಟಿಟ್ರಿಪ್ಸಿನ್ ಮೇಲೆ ಅಭ್ಯಾಸ ಮಾಡಿ ಎಂಬುದು ನನ್ನ ಖಂಡಿತವಾದ ಸಲಹೆ. ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಪ್ರೊಟೀನ್ ಇದು. ಶ್ವಾಸಕೋಶವನ್ನು ನ್ಯೂಟ್ರೋಫಿಲ್ ಎಲಾಸ್ಟೇಸ್ ಎಂಬ ಕಿಣ್ವ ಸವೆಸದಂತೆ ಕಾಯುತ್ತದೆ. 394 ಅಮೈನೊ ಆಮ್ಲಗಳು, ಮೂರು ಸಕ್ಕರೆ ಕೊಂಬೆಗಳು, ಒಂದೇ ಸಿಸ್ಟೀನ್. ಓದಲು ಸುಲಭವಾದ ಪ್ರೊಟೀನ್.

ಇದರ ಮೂರು ರೂಪಗಳು ನಮಗೆ ಬೇಕು. ಸಾಮಾನ್ಯ ರೂಪವಾದ ಎಂ ಚೆನ್ನಾಗಿ ಮಡಚಿಕೊಂಡು ಹೊರಗೆ ಹೋಗುತ್ತದೆ. ಝಡ್ ರೂಪದಲ್ಲಿ 342ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲು ಲೈಸೀನ್ ಇರುತ್ತದೆ. ಅಷ್ಟು ಸಣ್ಣ ಬದಲಾವಣೆಯಿಂದಲೇ ಒಂದು ಅಣುವಿನ ಕುಣಿಕೆ ಇನ್ನೊಂದು ಅಣುವಿನ ಹಾಳೆಯೊಳಗೆ ಸಿಕ್ಕಿಕೊಂಡು ಇ.ಆರ್. ಒಳಗೇ ಪಾಲಿಮರ್ ಆಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ರೂಪ ಪಡೆದವರ ರಕ್ತದಲ್ಲಿ ಈ ಪ್ರೊಟೀನ್ ಸಾಮಾನ್ಯ ಮಟ್ಟದ ಶೇಕಡಾ 10ರಿಂದ 15ರಷ್ಟು ಮಾತ್ರ ಇರುತ್ತದೆ. ಯಕೃತ್ತಿನಲ್ಲಿ ಗಂಟು, ಶ್ವಾಸಕೋಶದಲ್ಲಿ ಕೊರತೆ. ಮೂರನೆಯದು ನಲ್ ಹಾಂಗ್‌ಕಾಂಗ್ ಎಂಬ ತುಂಡಾದ ರೂಪ. ಅದು ಎಂದೂ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕೋಶ ಅದನ್ನು ಗುರುತಿಸಿ ಒಡೆದುಹಾಕುತ್ತದೆ.

ಹೊರಗೆ ಹೋಗುವುದು, ಒಳಗೆ ಗಂಟಾಗುವುದು, ಒಡೆದುಹೋಗುವುದು. ನಿಮ್ಮ ಪ್ರೊಟೀನ್ ಈ ಮೂರರಲ್ಲಿ ಯಾವುದನ್ನು ಹೋಲುತ್ತದೆ ಎಂದು ಕೊನೆಗೆ ಹೇಳಬೇಕಾದರೆ ಮೂರರ ಚಹರೆಯೂ ನಿಮ್ಮ ಕೈಯಿಂದಲೇ ಆದ ಬ್ಲಾಟಿನಲ್ಲಿ (ಜೆಲ್ಲಿನಲ್ಲಿ ಬೇರ್ಪಟ್ಟ ಪ್ರೊಟೀನನ್ನು ಪ್ರತಿಕಾಯದಿಂದ ಗುರುತಿಸುವ ಹಾಳೆಯಲ್ಲಿ) ಒಮ್ಮೆ ಕಾಣಿಸಿರಬೇಕು. ಮನುಷ್ಯನ ಮೂತ್ರಪಿಂಡದ ಮೂಲದ ಎಚ್.ಇ.ಕೆ. 293 ಕೋಶಗಳು ಇದಕ್ಕೆ ಸಾಕು. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಕೋಶ ಭಂಡಾರ ದೇಶದ ಸಂಶೋಧಕರಿಗೆ ಕೋಶಗಳನ್ನು ಒದಗಿಸುತ್ತದೆ. ಪಕ್ಕದ ಬೆಂಚಿನ ಗೆಳೆಯ ಕೊಟ್ಟ, ಯಾವ ಪೀಳಿಗೆಯದೆಂದು ಗೊತ್ತಿಲ್ಲದ ಕೋಶಗಳಿಗಿಂತ ಅಲ್ಲಿಂದ ತರಿಸಿಕೊಂಡವೇ ಲೇಸು.

ಒಳಗೆಷ್ಟು, ಹೊರಗೆಷ್ಟು

ಜೀನ್ ಸೇರಿಸಿದ ಮರುದಿನ ಹಳೆಯ ಮೀಡಿಯಂ ತೆಗೆದು, ಕೋಶಗಳನ್ನು ಮೆಲ್ಲಗೆ ತೊಳೆದು, ಸೀರಮ್ ಇಲ್ಲದ ಮೀಡಿಯಂ ಹಾಕಿ ನಾಲ್ಕಾರು ಗಂಟೆ ಬಿಡಿ. ಸೀರಮ್ ಇದ್ದರೆ ಅದರ ಆಲ್ಬುಮಿನ್ 66 ಕಿಲೋಡಾಲ್ಟನ್ ಹತ್ತಿರ ಜೆಲ್ಲನ್ನೇ ಉಬ್ಬಿಸಿ, ಅದರ ಕೆಳಗಿರುವ ನಿಮ್ಮ ಬ್ಯಾಂಡನ್ನು ತಳ್ಳಿಬಿಡುತ್ತದೆ. ಜೊತೆಗೆ ಕರುವಿನ ಸೀರಮ್‌ನಲ್ಲೇ ಆಲ್ಫಾ-1 ಆಂಟಿಟ್ರಿಪ್ಸಿನ್ ಧಾರಾಳವಾಗಿದೆ, ನಿಮ್ಮ ಪ್ರತಿಕಾಯ ಅದನ್ನೂ ಹಿಡಿಯಬಹುದು.

ಮೀಡಿಯಂ ತೆಗೆದು ತಿರುಗುಯಂತ್ರದಲ್ಲಿ ಹಾಕಿ ತೇಲುತ್ತಿರುವ ಕೋಶಗಳನ್ನು ಬೇರ್ಪಡಿಸಿ. ಪ್ಲೇಟಿನಲ್ಲಿ ಉಳಿದ ಕೋಶಗಳನ್ನು ಶೇಕಡಾ 1ರ ಟ್ರೈಟಾನ್ ಎಂಬ ಡಿಟರ್ಜೆಂಟ್ ಇರುವ ಬಫರಿನಲ್ಲಿ, ಮಂಜುಗಡ್ಡೆಯ ಮೇಲೆ, ಪ್ರೋಟಿಯೇಸ್ ತಡೆಗಳ ಜೊತೆ ಕರಗಿಸಿ ಮತ್ತೆ ತಿರುಗಿಸಿ. ಕೆಳಗೆ ಕೂತ ಪೆಲೆಟ್ಟನ್ನು ದಯವಿಟ್ಟು ಎಸೆಯಬೇಡಿ. ಝಡ್ ರೂಪದ ದೊಡ್ಡ ಪಾಲು ಇರುವುದೇ ಅಲ್ಲಿ. ಅದನ್ನು ಇನ್ನೂ ಪ್ರಬಲ ಡಿಟರ್ಜೆಂಟ್ ಆದ ಎಸ್.ಡಿ.ಎಸ್. ಬಫರಿನಲ್ಲಿ, ಶಬ್ದತರಂಗದಿಂದ ಅಲುಗಿಸಿ (ಸೋನಿಕೇಟ್ ಮಾಡಿ) ಕರಗಿಸಿ. ಈಗ ಪ್ರತಿ ಪ್ರೊಟೀನಿಗೂ ಮೂರು ಲೇನ್: ಮೀಡಿಯಂ, ಲೈಸೇಟ್ (ಕೋಶದಿಂದ ಕರಗಿ ಬಂದದ್ದು), ಪೆಲೆಟ್. ಮೂರನ್ನೂ ಒಂದೇ ಸಂಖ್ಯೆಯ ಕೋಶಗಳಿಗೆ ಸರಿಹೊಂದಿಸಿ ಒಂದೇ ಜೆಲ್ಲಿನಲ್ಲಿ ಓಡಿಸಿ. ಬೇರೆ ಬೇರೆ ಜೆಲ್ಲುಗಳ ಬ್ಯಾಂಡ್‌ಗಳನ್ನು ಹೋಲಿಸಿ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪುವುದಿಲ್ಲ.

ಅದೇ ಬ್ಲಾಟಿನ ಮೇಲೆ, ಕೋಶದೊಳಗೇ ಇರಬೇಕಾದ ಆಕ್ಟಿನ್ ಎಂಬ ಪ್ರೊಟೀನನ್ನೂ ನೋಡಿ. ಮೀಡಿಯಂ ಲೇನಿನಲ್ಲಿ ಆಕ್ಟಿನ್ ಕಂಡರೆ ಕೋಶಗಳು ಸತ್ತು ಸೋರುತ್ತಿವೆ, ಅಲ್ಲಿ ಕಂಡ ನಿಮ್ಮ ಪ್ರೊಟೀನ್ ಸ್ರವಿಸಿದ್ದಲ್ಲ. ಯಾವ ಲೇನಿನಲ್ಲೂ ಏನೂ ಇಲ್ಲದಿದ್ದರೆ ಚಾಪೆರೋನ್‌ಗಳ ಮಾತು ಆಮೇಲೆ. ಮೊದಲು ಆರ್.ಎನ್.ಎ. ಇದೆಯೇ, ಸಿಗ್ನಲ್ ಪೆಪ್ಟೈಡಿನ ಚೌಕಟ್ಟು ಸರಿಯಿದೆಯೇ ಎಂದು ನೋಡಿ.

ಸಿಸ್ಟೀನ್‌ಗಳು ಹೆಚ್ಚಿರುವ ಪ್ರೊಟೀನ್ ನಿಮ್ಮದಾದರೆ ಇನ್ನೊಂದು ಎಚ್ಚರಿಕೆ ಬೇಕು. ಕೋಶ ಒಡೆದ ಕ್ಷಣದಿಂದಲೇ ಡೈಸಲ್ಫೈಡ್ ಬಂಧಗಳು ಅದಲುಬದಲಾಗತೊಡಗುತ್ತವೆ. ಕರಗಿಸುವ ಮೊದಲೇ, ತಣ್ಣಗಿನ ಬಫರಿನಲ್ಲಿ ತೊಳೆಯುವಾಗಲೇ, 20 ಮಿಲಿಮೋಲಾರ್ ಎನ್-ಈಥೈಲ್ ಮಲೀಮೈಡ್ ಸೇರಿಸಿ ಬಂಧಗಳನ್ನು ಇದ್ದಲ್ಲಿಯೇ ನಿಲ್ಲಿಸಿ. ಅದನ್ನು ಅಂದಂದೇ ಆಲ್ಕೋಹಾಲಿನಲ್ಲಿ ಕರಗಿಸಿಕೊಳ್ಳಬೇಕು. ಅರ್ಧ ಮಾದರಿಯನ್ನು ಈ ಬಂಧಗಳನ್ನು ಬಿಚ್ಚುವ ಡಿ.ಟಿ.ಟಿ. ಸೇರಿಸಿ, ಇನ್ನರ್ಧವನ್ನು ಸೇರಿಸದೆ ಓಡಿಸಿ. ಸೇರಿಸದ ಲೇನಿನಲ್ಲಿ ಜೆಲ್ಲಿನ ಮೇಲ್ತುದಿಗೇ ಅಂಟಿಕೊಂಡ ಮಸಿ ಕಂಡರೆ ತಪ್ಪು ಬಂಧಗಳಿಂದ ಪ್ರೊಟೀನ್‌ಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಯಾವ ಹಂತದವರೆಗೆ ಬಂದಿದೆ

ಸಕ್ಕರೆ ಕೊಂಬೆ ಇರುವ ಪ್ರೊಟೀನ್ ತಾನು ಎಲ್ಲಿದೆ ಎಂಬುದನ್ನು ತಾನೇ ಹೇಳುತ್ತದೆ. ಎಂಡೊ ಎಚ್ ಎಂಬ ಕಿಣ್ವ ಇ.ಆರ್. ಹಂತದ, ಮ್ಯಾನೋಸ್ ತುಂಬಿದ ಕೊಂಬೆಯನ್ನು ಕತ್ತರಿಸುತ್ತದೆ. ಇ.ಆರ್. ನಂತರದ ನಿಲ್ದಾಣವಾದ ಗಾಲ್ಜಿಯನ್ನು ದಾಟಿ ಬದಲಾದ ಕೊಂಬೆಯನ್ನು ಕತ್ತರಿಸಲಾರದು. ಪಿ.ಎನ್.ಜಿ. ಎಫ್. ಎಂಬ ಇನ್ನೊಂದು ಕಿಣ್ವ ಎರಡನ್ನೂ ಕತ್ತರಿಸುತ್ತದೆ. ಪ್ರತಿ ಮಾದರಿಯನ್ನೂ ಮೂರು ಪಾಲು ಮಾಡಿ: ಕಿಣ್ವವಿಲ್ಲದ್ದು, ಎಂಡೊ ಎಚ್, ಪಿ.ಎನ್.ಜಿ. ಎಫ್. ಮೊದಲು ಎಸ್.ಡಿ.ಎಸ್. ಮತ್ತು ಡಿ.ಟಿ.ಟಿ. ಜೊತೆ 10 ನಿಮಿಷ ಕುದಿಸಿ, ಆಮೇಲೆ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಎಸ್.ಡಿ.ಎಸ್. ಪಿ.ಎನ್.ಜಿ. ಎಫ್. ಕಿಣ್ವವನ್ನು ಕೊಲ್ಲುತ್ತದೆ, ಆದ್ದರಿಂದ ಅದಕ್ಕೆ ಎನ್.ಪಿ.-40 ಎಂಬ ಮೃದು ಡಿಟರ್ಜೆಂಟ್ ಸೇರಿಸಲು ಮರೆಯಬೇಡಿ.

ಎಂ ರೂಪದಲ್ಲಿ ಕೋಶದೊಳಗೆ 52 ಕಿಲೋಡಾಲ್ಟನ್ ಬ್ಯಾಂಡ್ ಕಾಣುತ್ತದೆ, ಎಂಡೊ ಎಚ್ ಹಾಕಿದರೆ ಕೆಳಗಿಳಿಯುತ್ತದೆ. ಒಂದೊಂದು ಕೊಂಬೆಗೆ ಎರಡೂವರೆ ಕಿಲೋಡಾಲ್ಟನ್ನಿನಂತೆ ಇಳಿತ. ಮೀಡಿಯಂನಲ್ಲಿ 55ರ ಬ್ಯಾಂಡ್ ಕಾಣುತ್ತದೆ, ಅದು ಎಂಡೊ ಎಚ್‌ಗೆ ಜಗ್ಗುವುದಿಲ್ಲ. ಝಡ್ ರೂಪದಲ್ಲಿ ಒಳಗಿನದೆಲ್ಲ 52ರಲ್ಲೇ, ಕಿಣ್ವಕ್ಕೆ ಸುಲಭವಾಗಿ ಸಿಗುವ ಸ್ಥಿತಿಯಲ್ಲೇ ಇರುತ್ತದೆ. ಅದು ಇ.ಆರ್. ಬಿಟ್ಟು ಕದಲಿಲ್ಲ. ನಿಮ್ಮ ಪ್ರೊಟೀನ್ ಒಳಗಿದ್ದೂ ಎಂಡೊ ಎಚ್‌ಗೆ ಜಗ್ಗದಿದ್ದರೆ ಇ.ಆರ್. ದಾಟಿದೆ ಎಂದಾಯಿತು. ತೊಡಕು ಮುಂದೆಲ್ಲೋ ಇದೆ, ಬಿಪ್ ಹೆಚ್ಚಿಸಿ ಪ್ರಯೋಜನವಿಲ್ಲ.

ಯೀಸ್ಟಿನಲ್ಲಿ ಕೆಲಸ ಮಾಡುವವರಿಗೆ ಈ ಓದು ಹೊಂದುವುದಿಲ್ಲ. ಅದರ ಗಾಲ್ಜಿ ಮ್ಯಾನೋಸನ್ನೇ ಮತ್ತೆ ಮತ್ತೆ ಸೇರಿಸುವುದರಿಂದ, ಹೊರಗೆ ಬಂದ ಪ್ರೊಟೀನನ್ನೂ ಎಂಡೊ ಎಚ್ ಕತ್ತರಿಸುತ್ತದೆ.

ನಿಂತಿದೆಯೋ, ಒಡೆಯುತ್ತಿದೆಯೋ

ಒಂದೇ ಸಮಯದ ಬ್ಲಾಟ್ ಇದನ್ನು ಹೇಳಲಾರದು. ಹೊಸದಾಗಿ ತಯಾರಾದ ಪ್ರೊಟೀನಿಗೆ ವಿಕಿರಣದ ಗಂಧಕ-35 ಗುರುತು ಹಚ್ಚಿ ಅದನ್ನೇ ಹಿಂಬಾಲಿಸುವ ಪಲ್ಸ್-ಚೇಸ್ ಅತ್ಯಂತ ಸ್ಪಷ್ಟವಾದ ವಿಧಾನ. ವಿಕಿರಣದ ಅನುಮತಿ, ತರಬೇತಿ ಇರುವ ಪ್ರಯೋಗಾಲಯದಲ್ಲಿದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ಪ್ರೊಟೀನ್ ತಯಾರಿಕೆಯನ್ನು ನಿಲ್ಲಿಸಿ, ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ. ಸೊನ್ನೆ, ಅರ್ಧ, ಒಂದು, ಎರಡು, ನಾಲ್ಕು ಗಂಟೆಗಳಲ್ಲಿ ಕೋಶವನ್ನೂ ಮೀಡಿಯಂನನ್ನೂ ತೆಗೆದಿಡಿ. ಕೈಗವಸು ಕಡ್ಡಾಯ, ಇದು ನಮ್ಮ ಕೋಶಗಳಿಗೂ ವಿಷವೇ.

ಎಂ ರೂಪದಲ್ಲಿ ಒಳಗಿನ ಬ್ಯಾಂಡ್ ಇಳಿದಷ್ಟೇ ಹೊರಗಿನದು ಏರುತ್ತದೆ. ನಲ್ ಹಾಂಗ್‌ಕಾಂಗ್‌ನಲ್ಲಿ ಒಳಗೂ ಇಳಿಯುತ್ತದೆ, ಹೊರಗೂ ಬರುವುದಿಲ್ಲ. ಪ್ಲೇಟಿನ ಇನ್ನೊಂದು ಬಾವಿಗೆ (ಕೋಶ ಬೆಳೆಸುವ ಗುಳಿಗೆ) ಪ್ರೋಟಿಯಸೋಮ್ ತಡೆಯುವ ಎಂ.ಜಿ. 132 ಅನ್ನು 10 ಮೈಕ್ರೋಮೋಲಾರ್ ಹಾಕಿ ನೋಡಿ, ಕರಗುತ್ತಿದ್ದ ಬ್ಯಾಂಡ್ ನಿಲ್ಲುತ್ತದೆ. ಮ್ಯಾನೋಸ್ ಕತ್ತರಿಸುವುದನ್ನು ತಡೆಯುವ ಕಿಫುನೆನ್ಸಿನ್ ಹಾಕಿದರೂ ನಿಲ್ಲುತ್ತದೆ. ಸಮಯ ಮುಗಿದ ಗುರುತು ಬೀಳದೆ ಹೋದರೆ ಒಡೆಯುವವರು ಅದನ್ನು ಗುರುತಿಸುವುದು ತಡವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಪುರಾವೆ ನಾನು ಕಂಡಿಲ್ಲ. ಝಡ್‌ನ ಪಾಲಿಮರ್ ಮಾತ್ರ ಹಠಮಾರಿ. ಪ್ರೋಟಿಯಸೋಮ್‌ನ ಬಾಯಿಗೆ ಅದು ಹಿಡಿಸುವುದಿಲ್ಲ. ಅದನ್ನು ಕೋಶ ಆಟೋಫಜಿಯ, ಅಂದರೆ ತನ್ನದೇ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಜೀರ್ಣಿಸುವ ಕ್ರಿಯೆಯ, ಮೂಲಕವೇ ತೆಗೆಯಬೇಕು.

ಕೋಶದ ಅಲಾರಂ ಓದುವುದು

ಮಡಚಿಕೊಳ್ಳದ ಪ್ರೊಟೀನ್ ಹೆಚ್ಚಾದರೆ ಇ.ಆರ್. ಮೂರು ದಾರಿಯಲ್ಲಿ ಸುದ್ದಿ ಕಳಿಸುತ್ತದೆ: ಐ.ಆರ್.ಇ.1, ಪರ್ಕ್, ಎ.ಟಿ.ಎಫ್.6. ಪರ್ಕ್ ಹೊಸ ಪ್ರೊಟೀನ್ ತಯಾರಿಕೆಯನ್ನೇ ತಗ್ಗಿಸುತ್ತದೆ, ಎ.ಟಿ.ಎಫ್.6 ಗಾಲ್ಜಿಗೆ ಹೋಗಿ ತುಂಡಾಗಿ ನ್ಯೂಕ್ಲಿಯಸ್ಸಿಗೆ ಬಂದು ಚಾಪೆರೋನ್ ಜೀನ್‌ಗಳನ್ನು ಎಬ್ಬಿಸುತ್ತದೆ. ಅಳೆಯಲು ಸುಲಭವಾದದ್ದು ಐ.ಆರ್.ಇ.1. ಅದು ಎಕ್ಸ್.ಬಿ.ಪಿ.1 ಎಂಬ ಆರ್.ಎನ್.ಎ.ಯಿಂದ 26 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆಯುತ್ತದೆ. ಆ ಜಾಗದ ಎರಡೂ ಬದಿಗೆ ಪ್ರೈಮರ್ ಇಟ್ಟು ಪಿ.ಸಿ.ಆರ್. ಮಾಡಿ, ಶೇಕಡಾ 3ರ ಅಗರೋಸಿನಲ್ಲಿ ನಿಧಾನವಾಗಿ ಓಡಿಸಿ. ಕತ್ತರಿಸಿದ್ದು ಕೆಳಗೆ, ಕತ್ತರಿಸದ್ದು ಮೇಲೆ. ಇನ್ನೂ ಮೇಲೆ ಮೂರನೆಯ ಬ್ಯಾಂಡ್ ಕಂಡರೆ ಗಾಬರಿಯಾಗಬೇಡಿ, ಎರಡೂ ಬಗೆಯ ಎಳೆಗಳು ಜೋಡಿಯಾದದ್ದು ಅದು. ಸಂಶಯವಿದ್ದರೆ ಪಿ.ಎಸ್.ಟಿ.1 ಕಿಣ್ವ ಹಾಕಿ. ಆ 26 ಅಕ್ಷರಗಳಲ್ಲಿ ಅದು ಕಡಿಯುವ ಜಾಗವಿದೆ, ಆದ್ದರಿಂದ ಕತ್ತರಿಸದ ರೂಪ ಮಾತ್ರ ತುಂಡಾಗುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿಟ್ಟವರು ಪೀಟರ್ ವಾಲ್ಟರ್ ಮತ್ತು ಕಝುತೋಶಿ ಮೋರಿ. 2014ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂದಿತು.

ಅಲಾರಂ ಕೆಲಸ ಮಾಡುತ್ತಿದೆ ಎಂದು ತೋರಿಸುವ ಒಂದು ಬಾವಿ ಇರಲೇಬೇಕು. ಅದಕ್ಕೆ ಹಲವರು ಟ್ಯೂನಿಕಾಮೈಸಿನ್ ಬಳಸುತ್ತಾರೆ. ಅದು ಸಕ್ಕರೆ ಅಂಟುವುದನ್ನೇ ತಡೆಯುವುದರಿಂದ ನಿಮ್ಮ ಪ್ರೊಟೀನಿನ ಬ್ಯಾಂಡ್ ಕೂಡ ಕೆಳಗಿಳಿದು ಗೊಂದಲವಾಗುತ್ತದೆ. ಸಕ್ಕರೆ ಕೊಂಬೆಯ ಪ್ರೊಟೀನ್‌ಗಳಿಗೆ ನಾನು ಥಾಪ್ಸಿಗಾರ್ಗಿನ್ ಆರಿಸುತ್ತೇನೆ, ಇ.ಆರ್. ಒಳಗಿನ ಕ್ಯಾಲ್ಸಿಯಂ ಬರಿದಾಗಿಸುವ ಔಷಧ ಅದು.

ಸೋಮವಾರದ ಫಲಿತಾಂಶಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಶುಕ್ರವಾರ ಕೋಶಗಳನ್ನು ದಟ್ಟವಾಗಿ ಬಿತ್ತಿ ಊರಿಗೆ ಹೋಗಿ, ಸೋಮವಾರ ಹಳದಿಯಾದ ಮೀಡಿಯಂನಲ್ಲಿರುವ ಕೋಶಗಳಿಂದ ಆರ್.ಎನ್.ಎ. ತೆಗೆದರೆ ಎಲ್ಲ ಬಾವಿಗಳಲ್ಲೂ ಬಿಪ್ ಏರಿರುತ್ತದೆ. ಬಿಪ್‌ಗೆ ಜಿ.ಆರ್.ಪಿ.78 ಎಂಬ ಇನ್ನೊಂದು ಹೆಸರಿರುವುದೇ ಗ್ಲುಕೋಸ್ ಕೊರತೆಯಾದಾಗ ಅದು ಏರುವುದರಿಂದ. ಅದು ಹಸಿವಿನ ಅಲಾರಂ, ನಿಮ್ಮ ಪ್ರೊಟೀನಿನದಲ್ಲ. ಹಿಂದಿನ ದಿನವೇ ಮೀಡಿಯಂ ಬದಲಿಸಿ, ಖಾಲಿ ವೆಕ್ಟರ್ (ನಿಮ್ಮ ಜೀನ್ ಇಲ್ಲದ ವಾಹಕ ಡಿ.ಎನ್.ಎ.) ಹಾಕಿದ ಕೋಶಗಳನ್ನು ಜೊತೆಯಲ್ಲೇ ಇಡಿ.

ಅಲಾರಂ ಮೌನವಾಗಿದ್ದರೆ ಎಲ್ಲ ಕ್ಷೇಮ ಎಂದೂ ಅಲ್ಲ. ನಲ್ ಹಾಂಗ್‌ಕಾಂಗ್ ಈ ಅಲಾರಂ ಬಾರಿಸುತ್ತದೆ. ಇ.ಆರ್. ತುಂಬ ಪಾಲಿಮರ್ ಕಟ್ಟಿಕೊಂಡ ಝಡ್ ಬಾರಿಸುವುದಿಲ್ಲ. ಇದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ಪಾಠ ಎನಿಸುತ್ತದೆ. ಪಾಲಿಮರ್ ಆದ ಪ್ರೊಟೀನ್ ಬಹುಮಟ್ಟಿಗೆ ಮಡಚಿಕೊಂಡೇ ಇರುತ್ತದೆ, ಬಿಪ್ ಹಿಡಿಯಬೇಕಾದ ಬೆತ್ತಲೆ ಭಾಗಗಳು ಹೊರಗೆ ಕಾಣುವುದಿಲ್ಲ. ಪೆಲೆಟ್ಟನ್ನು ನೋಡದೆ ಎಕ್ಸ್.ಬಿ.ಪಿ.1 ಒಂದನ್ನೇ ನೋಡಿದವರು ಝಡ್ ಕೋಶವನ್ನು ಆರೋಗ್ಯವಂತ ಎಂದೇ ಬರೆಯುತ್ತಾರೆ.

ಹಿಡಿದಿರುವವರು ಯಾರು, ಏಕೆ

ಬಿಪ್‌ನ ಪ್ರತಿಕಾಯವನ್ನು ಮಣಿಗಳಿಗೆ ಕೂಡಿಸಿ, ಅದರಿಂದ ಬಿಪ್ಪನ್ನು ಎಳೆದು, ಜೊತೆಗೆ ನಿಮ್ಮ ಪ್ರೊಟೀನ್ ಬರುತ್ತದೆಯೇ ಎಂದು ನೋಡುವುದು ಮುಂದಿನ ಕೆಲಸ. ಮೊದಲೇ ಹೇಳಿದ್ದೆನಲ್ಲ, ಎ.ಟಿ.ಪಿ. ಸಿಕ್ಕರೆ ಬಿಪ್ ಬಿಟ್ಟುಬಿಡುತ್ತದೆ. ಕೋಶ ಒಡೆದಾಗ ಎ.ಟಿ.ಪಿ. ತುಂಬ ಇರುತ್ತದೆ. ಹಾಗಾಗಿ ಬಫರಿಗೆ ಅಪೈರೇಸ್ ಕಿಣ್ವ ಹಾಕಿ ಎ.ಟಿ.ಪಿ. ಮುಗಿಸಿ. ಇನ್ನೊಂದು ಕೊಳವೆಗೆ ಬೇಕೆಂದೇ ಎ.ಟಿ.ಪಿ. ಮತ್ತು ಮೆಗ್ನೀಸಿಯಂ ಸೇರಿಸಿ. ಅಲ್ಲಿ ಜೋಡಿ ಕಳಚಿದರೆ ನೀವು ಕಂಡದ್ದು ನಿಜವಾದ ಹಿಡಿತ, ಮಣಿಗೆ ಸುಮ್ಮನೆ ಅಂಟಿದ ಕೊಳೆಯಲ್ಲ. ಕ್ಯಾಲ್ನೆಕ್ಸಿನ್ ನೋಡಬೇಕಾದರೆ ಡಿಜಿಟೋನಿನ್‌ನಂಥ ಮೃದು ಡಿಟರ್ಜೆಂಟ್ ಬಳಸಿ.

ಕಳೆದ ಬಾರಿ ವಿಜಯಪುರದಿಂದ ಬಂದಿದ್ದ ಹುಡುಗಿ ಈ ಹಂತದಲ್ಲಿ ಕೇಳಿದಳು: “ಅಕ್ಕಾ, ಬಿಪ್ ಹಿಡಿದಿದೆ ಎಂದು ಗೊತ್ತಾಯಿತಲ್ಲ, ಇನ್ನಷ್ಟು ಬಿಪ್ ಕೊಟ್ಟರೆ ಬೇಗ ಮಡಚಿಕೊಂಡು ಹೊರಗೆ ಬರುವುದಿಲ್ಲವೇ?”

“ಹಿಡಿಯುವ ಕೈಗಳು ಹೆಚ್ಚಾದರೆ ಬಿಡುವುದು ಹೆಚ್ಚಾಗುತ್ತದೆ ಎಂದು ಯಾರು ಹೇಳಿದರು, ತಂಗಿ?” ಎಂದು ಕೇಳಿ, ಅವಳಿಗೆ 1992ರ ಒಂದು ಪ್ರಬಂಧ ಓದಲು ಕೊಟ್ಟೆ. ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಲ್ಲಿ ಬಿಪ್ ಹೆಚ್ಚಿಸಿದಾಗ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಮತ್ತು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಹೊರಬರುವುದು ಕಡಿಮೆಯಾಯಿತು ಎಂದು ಅದರಲ್ಲಿ ತೋರಿಸಿದ್ದಾರೆ. ಬಿಪ್ ಜೊತೆ ದೀರ್ಘವಾಗಿ ಕೂಡಿರುವ ಪ್ರೊಟೀನ್‌ಗಳಿಗೆ ಹೆಚ್ಚಿನ ಬಿಪ್ ಎಂದರೆ ಹೆಚ್ಚಿನ ಸೆರೆ.

ಬಿಪ್ ಹಿಡಿದುಕೊಳ್ಳುವುದಕ್ಕೆ ಕಾರಣವಿರುತ್ತದೆ ಎಂಬುದನ್ನು ಪ್ರತಿಕಾಯದ ಕಥೆ ಚೆನ್ನಾಗಿ ತೋರಿಸುತ್ತದೆ. ಪ್ರತಿಕಾಯದ ಭಾರವಾದ ಸರಪಳಿಯಲ್ಲಿ ಸಿ.ಎಚ್.1 ಎಂಬ ಭಾಗ ತಾನಾಗಿ ಮಡಚಿಕೊಳ್ಳುವುದೇ ಇಲ್ಲ. ಹಗುರ ಸರಪಳಿ ಜೊತೆಯಾದಾಗ ಮಾತ್ರ ಮಡಚಿಕೊಳ್ಳುತ್ತದೆ. ಅಲ್ಲಿಯವರೆಗೆ ಬಿಪ್ ಅದನ್ನು ಹಿಡಿದು ಇ.ಆರ್. ಒಳಗೇ ಕೂರಿಸುತ್ತದೆ. 1983ರಲ್ಲಿ ಬಿಪ್ ಮೊದಲು ಗೊತ್ತಾದದ್ದೇ ಹೀಗೆ ಭಾರ ಸರಪಳಿಗೆ ಅಂಟಿಕೊಂಡ ಪ್ರೊಟೀನ್ ಎಂದು. ಒಂಟೆಗಳಲ್ಲಿ ಹಗುರ ಸರಪಳಿಯೇ ಇಲ್ಲದ ಪ್ರತಿಕಾಯಗಳಿವೆ, ಅವುಗಳಲ್ಲಿ ಸಿ.ಎಚ್.1 ಭಾಗವೂ ಇಲ್ಲ! ಹಿಡಿಯಲು ಜಾಗವಿಲ್ಲ, ಹಾಗಾಗಿ ಒಂಟಿಯಾಗಿಯೇ ಹೊರಬರುತ್ತವೆ. ನಿಮ್ಮ ಪ್ರೊಟೀನ್ ಜೋಡಿಯಾಗಿ ಕೆಲಸ ಮಾಡುವಂಥದ್ದಾದರೆ ಇದನ್ನು ನೆನಪಿಡಿ. ಕೊಡಬೇಕಾದದ್ದು ಅದರ ಜೊತೆಗಾರನನ್ನು, ಇನ್ನೊಂದಿಷ್ಟು ಚಾಪೆರೋನನ್ನಲ್ಲ.

ಈಗ ಸಹಾಯ

ಮೊದಲು ಹೊರೆ ಇಳಿಸಿ. ಎರಡು ಮೈಕ್ರೋಗ್ರಾಂ ಡಿ.ಎನ್.ಎ. ಹಾಕುತ್ತಿದ್ದರೆ ಅರ್ಧಕ್ಕೆ ಇಳಿಸಿ ನೋಡಿ. ಹಲವು ಸಲ ಒಳಗೆ ಕಡಿಮೆಯಾಗಿ ಹೊರಗೆ ಹೆಚ್ಚುತ್ತದೆ. ಎರಡನೆಯದು ತಾಪ. 37ರಿಂದ 30–32 ಡಿಗ್ರಿಗೆ ಇಳಿಸಿದರೆ ಪ್ರೊಟೀನ್ ನಿಧಾನವಾಗಿ ತಯಾರಾಗಿ ಮಡಚಿಕೊಳ್ಳಲು ಬಿಡುವು ಸಿಗುತ್ತದೆ. ಝಡ್ ಪಾಲಿಮರ್ ಆಗುವ ವೇಗವೇ ತಾಪ ಮತ್ತು ಸಾಂದ್ರತೆಯನ್ನು ಅವಲಂಬಿಸಿದೆ ಎಂದು 1992ರಲ್ಲೇ ತೋರಿಸಲಾಗಿದೆ, ಆದ್ದರಿಂದ ಈ ಎರಡೂ ಕ್ರಮಗಳಿಗೆ ಗಟ್ಟಿಯಾದ ಕಾರಣವಿದೆ.

ಪಿಕಿಯಾ ಯೀಸ್ಟ್ ಬೆಳೆಸುವವರಿಗೆ ಪುಣೆಯ ಏಪ್ರಿಲ್ ತಿಂಗಳು ನಿಜವಾದ ಶತ್ರು. ಪ್ರೊಟೀನ್ ತಯಾರಿಕೆ ಆರಂಭಿಸಲು ಮೆಥನಾಲ್ ಕೊಟ್ಟ ಮೇಲೆ ತಾಪ 32 ಡಿಗ್ರಿ ದಾಟಿದರೆ ಪ್ರೊಟೀನ್ ಸಿಗುವುದಿಲ್ಲ. ತಂಪುಮಾಡುವ ಯಂತ್ರವಿಲ್ಲದ ಶೇಕರ್ ಕೋಣೆಗಿಂತ ತಣ್ಣಗಿರಲಾರದು, ಪರದೆಯ ಮೇಲೆ 28 ಎಂದು ನೀವೇ ಒತ್ತಿದ್ದರೂ. ಫ್ಲಾಸ್ಕಿನ ಪಕ್ಕದಲ್ಲಿ ನೀರಿನ ಸೀಸೆಯಲ್ಲಿ ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಮೂರಕ್ಕೆ ಓದಿ.

ಆಮೇಲೆ ಚಾಪೆರೋನ್. ಒಂದೊಂದನ್ನೇ, ಮೂರು ನಾಲ್ಕು ಪ್ರಮಾಣಗಳಲ್ಲಿ ಕೊಟ್ಟು ನೋಡಿ. ಬ್ಲಾಟಿನಲ್ಲಿ ಡೈಸಲ್ಫೈಡ್ ಮಸಿ ಕಂಡವರು ಪಿ.ಡಿ.ಐ.ಯಿಂದ ಆರಂಭಿಸಿ, ಯೀಸ್ಟಿನಲ್ಲಿ ಹೊರಗಿನ ಪ್ರೊಟೀನ್‌ಗಳ ಸ್ರವಿಕೆಯನ್ನು ಅದು ಹೆಚ್ಚಿಸಿದ ದಾಖಲೆ 1994ರಿಂದಲೇ ಇದೆ. ಚೆನ್ನಾಗಿ ಮಡಚಿಕೊಂಡೂ ನಿಂತಿದ್ದರೆ ಒಯ್ಯುವವರ ಕೊರತೆಯಿರಬಹುದು. ಎಲ್.ಎಂ.ಎ.ಎನ್.1 ಅಥವಾ ಎಂ.ಸಿ.ಎಫ್.ಡಿ.2 ಜೀನ್ ಕೆಟ್ಟವರಲ್ಲಿ ಫ್ಯಾಕ್ಟರ್ 5 ಮತ್ತು 8 ಎರಡೂ ರಕ್ತದಲ್ಲಿ ಕಡಿಮೆ. ಆ ಫ್ಯಾಕ್ಟರ್‌ಗಳ ಜೀನ್‌ಗಳು ಸರಿಯಾಗಿಯೇ ಇರುತ್ತವೆ, ಇ.ಆರ್.ನಿಂದ ಕರೆದೊಯ್ಯುವ ವಾಹಕ ಮಾತ್ರ ಇಲ್ಲ.

4-ಫಿನೈಲ್ ಬ್ಯುಟಿರೇಟ್‌ನಂಥ ರಾಸಾಯನಿಕ ಚಾಪೆರೋನನ್ನು ಕೊನೆಗೆ ಇಟ್ಟುಕೊಳ್ಳಿ. 2000ದಲ್ಲಿ ಪ್ರಕಟವಾದ ಕೆಲಸದಲ್ಲಿ ಅದು ಕೋಶಗಳಲ್ಲೂ ಇಲಿಗಳಲ್ಲೂ ಝಡ್‌ನ ಸ್ರವಿಕೆ ಹೆಚ್ಚಿಸಿತು. 2004ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ರಕ್ತದ ಮಟ್ಟ ಏರಲಿಲ್ಲ. ಈಗ ಯಕೃತ್ತಿಗೆ ಆಸೆ ಮೂಡಿಸಿರುವ ಫಝಿರ್ಸಿರಾನ್ ಎಂಬ ಔಷಧ ಹಿಡಿದಿರುವ ದಾರಿ ಹೊರೆ ಇಳಿಸುವುದೇ. ಝಡ್ ತಯಾರಾಗುವುದನ್ನೇ ಅದು ಆರ್.ಎನ್.ಎ. ಮಟ್ಟದಲ್ಲಿ ತಗ್ಗಿಸುತ್ತದೆ. ಅದರಿಂದ ಯಕೃತ್ತಿನಲ್ಲಿ ಕಟ್ಟಿಕೊಂಡ ಪ್ರೊಟೀನ್ ಕಡಿಮೆಯಾದ ವರದಿ 2022ರಲ್ಲಿ ಬಂದಿದೆ. ಶ್ವಾಸಕೋಶದ ಕೊರತೆಗೆ ಮಾತ್ರ ಅದು ಉತ್ತರವಲ್ಲ.

ಹೊರಬಂದದ್ದು ಕೆಲಸ ಮಾಡುತ್ತದೆಯೇ

ಮೀಡಿಯಂನ ಬ್ಯಾಂಡ್ ದಪ್ಪವಾಯಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಇ.ಆರ್.ನ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. ಟ್ರಾನ್ಸ್‌ಥೈರೆಟಿನ್‌ನ ಎಷ್ಟೋ ದುರ್ಬಲ ರೂಪಗಳು ಆ ಪರೀಕ್ಷೆ ದಾಟಿ ರಕ್ತಕ್ಕೆ ಬಂದು, ಅಲ್ಲಿ ಬಿಡಿಬಿಡಿಯಾಗಿ ಹೃದಯದಲ್ಲೂ ನರಗಳಲ್ಲೂ ಅಮಿಲಾಯ್ಡ್ ಎಂಬ ನಾರುಗಳಾಗಿ ಕೂರುತ್ತವೆ.

ಆಲ್ಫಾ-1 ಆಂಟಿಟ್ರಿಪ್ಸಿನ್‌ಗೆ ಪರೀಕ್ಷೆ ಸರಳ. ಕೆಲಸ ಮಾಡುವ ಅಣು ಎಲಾಸ್ಟೇಸನ್ನು ಹಿಡಿದರೆ ಬಿಡುವುದಿಲ್ಲ, ಎಸ್.ಡಿ.ಎಸ್.ನಲ್ಲಿ ಕುದಿಸಿದರೂ. ಮೀಡಿಯಂಗೆ ಹಂದಿಯ ಮೇದೋಜೀರಕದ ಎಲಾಸ್ಟೇಸನ್ನು ಏರುವ ಪ್ರಮಾಣಗಳಲ್ಲಿ ಸೇರಿಸಿ, ಕೆಲವು ನಿಮಿಷ 37 ಡಿಗ್ರಿಯಲ್ಲಿಟ್ಟು, ಜೆಲ್ಲಿನಲ್ಲಿ ಓಡಿಸಿ. 55ರಿಂದ ಮೇಲಕ್ಕೆ ಹೋದ ಹೊಸ ಬ್ಯಾಂಡ್ ಜೀವಂತ ಪ್ರೊಟೀನಿನದು. 55ರಲ್ಲೇ ಉಳಿದದ್ದು ಹೊರಗೆ ಬಂದರೂ ಉಪಯೋಗವಿಲ್ಲದ್ದು. ಸ್ವಲ್ಪ ಕೆಳಗೆ ಕಾಣುವುದು ಎಲಾಸ್ಟೇಸ್ ಕತ್ತರಿಸಿ ಬಿಟ್ಟದ್ದು. ಈ ಪ್ರಯೋಗಕ್ಕೂ ಸೀರಮ್ ಇಲ್ಲದ ಮೀಡಿಯಂ ಬೇಕು, ಕರುವಿನ ಸೀರಮ್ ತಾನೇ ಎಲಾಸ್ಟೇಸನ್ನು ನುಂಗಿಬಿಡುತ್ತದೆ. ತಾಪ ಇಳಿಸಿದ ಬಾವಿ, ಡಿ.ಎನ್.ಎ. ಇಳಿಸಿದ ಬಾವಿ, ಚಾಪೆರೋನ್ ಕೊಟ್ಟ ಬಾವಿ, ಪ್ರತಿಯೊಂದರಲ್ಲೂ ಮೇಲಕ್ಕೆ ಹೋದ ಬ್ಯಾಂಡಿಗೂ ಉಳಿದದ್ದಕ್ಕೂ ಇರುವ ಅನುಪಾತವನ್ನು ಬರೆದಿಡಿ. ನಿಮ್ಮ ಪ್ರೊಟೀನ್ ಬೇರೆಯಾದರೆ ಇಂಥದೇ ಒಂದು ಕೆಲಸದ ಪರೀಕ್ಷೆಯನ್ನು ಪ್ರಾಜೆಕ್ಟಿನ ಮೊದಲ ವಾರದಲ್ಲೇ ಹುಡುಕಿಟ್ಟುಕೊಳ್ಳಿ, ಏಕೆಂದರೆ ಅದಕ್ಕೆ ಬೇಕಾದ ಕಿಣ್ವ ತರಿಸಿಕೊಳ್ಳಲು ನಮ್ಮಲ್ಲಿ ವಾರಗಳೇ ಹಿಡಿಯುತ್ತವೆ.